ಬೇಗ ಆಡಲು ನಿಧಾನವಾಗಿ ಕಲಿಯಬೇಕು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹುಡುಗ ಹುಡುಗಿಯರಿಗೆ ಚೆಸ್‌ನಲ್ಲಿ ದಿನವೂ ಸರಿಸಮನಾದ ಎದುರಾಳಿ ಬೇಕೆಂದರೆ ಮೊಬೈಲೇ ಸುಲಭದ ದಾರಿ. ದೊಡ್ಡ ಪಂದ್ಯಾವಳಿಗಳು ನಡೆಯುವ ಬೆಂಗಳೂರು ಸುಮಾರು 200ರಿಂದ 250 ಕಿ.ಮೀ. ದೂರ. ಚೆನ್ನೈನ ವಿಶ್ವನಾಥನ್ ಆನಂದ್ 1988ರಲ್ಲೇ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ರಾಜ್ಯದ ಕಥೆಯೇ ಹೀಗಿರುವಾಗ ಬಯಲುಸೀಮೆಯ ತಾಲ್ಲೂಕುಗಳ ಮಾತೇನು? ಹಾಗಾಗಿ ಮೊಬೈಲಿನಲ್ಲಿ ಮೂರು ನಿಮಿಷದ ಬ್ಲಿಟ್ಜ್ ಆಟ, ಸೋತರೆ ತಕ್ಷಣ ಇನ್ನೊಂದು. ಆಡುತ್ತ ಆಡುತ್ತ ವೇಗ ತಾನಾಗಿ ಬರುತ್ತದೆಂಬ ನಂಬಿಕೆ ಇದರ ಹಿಂದಿದೆ. ಅದು ಅರ್ಧ ಮಾತ್ರ ನಿಜ. ಬೇಗ ಆಡುವವನು ಬೇಗ ಯೋಚಿಸುತ್ತಾನೆ ಅನ್ನುವುದಕ್ಕಿಂತ, ಅವನಿಗೆ ಯೋಚಿಸಬೇಕಾದದ್ದೇ ಕಡಿಮೆ ಇರುತ್ತದೆ ಅನ್ನುವುದು ಸರಿ.

ಲೆಕ್ಕ ಹಾಕಿ ನೋಡಿ. ಮೂರು ನಿಮಿಷದಲ್ಲಿ ನಲವತ್ತು ನಡೆ ಆಡಬೇಕಾದರೆ ಒಂದು ನಡೆಗೆ ಸಿಗುವುದು ನಾಲ್ಕೂವರೆ ಸೆಕೆಂಡು. ಅಷ್ಟರಲ್ಲಿ ಹೊಸದಾಗಿ ಏನನ್ನೂ ಕಂಡುಹಿಡಿಯಲಾಗದು, ಗೊತ್ತಿರುವುದನ್ನು ಗುರುತಿಸಬಹುದು ಅಷ್ಟೆ. ಆಟದ ಕೊನೆಯಲ್ಲಿ ಎರಡು ರಾಜರು, ಒಂದು ಬಿಳಿ ಕಾಲಾಳು ಉಳಿದಿವೆ ಎನ್ನಿ. ಬಿಳಿ ರಾಜ ತನ್ನ ಕಾಲಾಳಿನ ನೇರ ಮುಂದೆ ಆರನೆಯ ಸಾಲಿನಲ್ಲಿ ನಿಂತಿದ್ದಾನೆ; ಕಾಲಾಳು ಮಣೆಯ ಎಡ ಅಥವಾ ಬಲ ಅಂಚಿನ ಉದ್ದ ಸಾಲಿನದಲ್ಲ. ಆಗ ಸರದಿ ಯಾರದೇ ಇರಲಿ, ಬಿಳಿಗೆ ಗೆಲುವು. ಇದನ್ನು ಒಮ್ಮೆ ಮಣೆ ಹಾಕಿಕೊಂಡು ಏಕೆ ಹೀಗೆಂದು ಅರಿತವನು ಎಂಟು ಸೆಕೆಂಡು ಉಳಿದಿದ್ದರೂ ನಿರಾಳವಾಗಿ ಮುಗಿಸುತ್ತಾನೆ. ಅರಿಯದವನು ಅದೇ ಎಂಟು ಸೆಕೆಂಡನ್ನು ಎಡಕ್ಕೋ ಬಲಕ್ಕೋ ಎಂಬ ಗೊಂದಲದಲ್ಲೇ ಕಳೆದು, ಗೆಲ್ಲುವ ಆಟವನ್ನು ಗಡಿಯಾರಕ್ಕೆ ಒಪ್ಪಿಸುತ್ತಾನೆ. ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮಗ್ಗದಲ್ಲೂ ಹೀಗೇ: ಹಾಸು ಹದವಾಗಿದ್ದರಷ್ಟೇ ಲಾಳಿಯ ಓಟಕ್ಕೆ ಬೆಲೆ.

ಸಂಶೋಧನೆಗಳೂ ಇದನ್ನೇ ಹೇಳುತ್ತವೆ. 1973ರಲ್ಲಿ ಮನೋವಿಜ್ಞಾನಿಗಳಾದ ಚೇಸ್ ಮತ್ತು ಸೈಮನ್ ನಿಜವಾದ ಆಟದ ಸ್ಥಿತಿಗಳನ್ನು ಐದು ಸೆಕೆಂಡು ತೋರಿಸಿದಾಗ ಪ್ರವೀಣರೊಬ್ಬರು ಬಹುಪಾಲು ಕಾಯಿಗಳನ್ನು ನೆನಪಿನಿಂದಲೇ ಜೋಡಿಸಿದರು. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟಾಗ ಅವರ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಅಂದರೆ ಅವರಲ್ಲಿದ್ದದ್ದು ವಿಶೇಷ ಜ್ಞಾಪಕಶಕ್ತಿಯಲ್ಲ, ಪರಿಚಯ. ಹಾಗಾದರೆ ಸಾವಿರ ಆಟ ಆಡಿದರೆ ಪರಿಚಯವಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ, ತಪ್ಪಿನ ಪರಿಚಯವೂ ಅಷ್ಟೇ ಚೆನ್ನಾಗಿ ಆಗುತ್ತದೆ. ಕುದುರೆಯ ಒಂದೇ ಬಗೆಯ ಏಟಿಗೆ ದಿನವೂ ಮಂತ್ರಿಯನ್ನು ಕಳೆದುಕೊಂಡು, ಯಾಕೆಂದು ನೋಡದೆ ಮುಂದಿನ ಆಟಕ್ಕೆ ಹಾರುವವನಿಗೆ ಆ ಏಟು ರೂಢಿಯಾಗುತ್ತದೆ, ಪಾಠವಾಗುವುದಿಲ್ಲ. ಚಾರ್ನೆಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಗಾರರ ಮಟ್ಟಕ್ಕೆ ಎಲ್ಲಕ್ಕಿಂತ ಹೆಚ್ಚು ಹೊಂದಿಕೆಯಾದದ್ದು ಅವರು ಒಂಟಿಯಾಗಿ ಕೂತು ಗಂಭೀರವಾಗಿ ಅಭ್ಯಾಸ ಮಾಡಿದ ಗಂಟೆಗಳು.

ಇದಕ್ಕೆ ಗಟ್ಟಿಯಾದ ಆಕ್ಷೇಪ ಗುಕೇಶ್ ಅವರ ಉದಾಹರಣೆಯಿಂದ ಬರುತ್ತದೆ. 2024ರ ಡಿಸೆಂಬರಿನಲ್ಲಿ, 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಅವರ ಬ್ಲಿಟ್ಜ್ ಆಟ ಅವರ ದೀರ್ಘ ಆಟದ ಎತ್ತರಕ್ಕೆ ಏರಿಲ್ಲ. ಅರಿವೇ ವೇಗವಾದರೆ ಹೀಗೇಕೆ? ಒಪ್ಪಲೇಬೇಕು: ಆಳವಾಗಿ ಲೆಕ್ಕ ಹಾಕುವ ಸ್ವಭಾವದವರಿಗೆ ಗಡಿಯಾರ ಅಡ್ಡ ಬರುತ್ತದೆ, ಸಾಕಷ್ಟು ಒಳ್ಳೆಯ ನಡೆ ಸಿಕ್ಕಾಗ ಅಲ್ಲಿಗೇ ನಿಲ್ಲಿಸುವುದು ಬೇರೆಯೇ ವಿದ್ಯೆ. ಆದರೆ ಆ ಕೊರತೆ ಜಗತ್ತಿನ ಶಿಖರದಲ್ಲಿರುವವರ ನಡುವಿನ ಹೋಲಿಕೆಯದು. ಸಾಮಾನ್ಯ ಆಟಗಾರ ಸಮಯಕ್ಕೆ ಸೋತೆನೆಂದು ಹಲುಬುವಾಗ ಅವನ ಗಡಿಯಾರವನ್ನು ನಡೆ ನಡೆಗೂ ತಿರುಗಿಸಿ ನೋಡಿದರೆ ನಿಜ ಹೊರಬೀಳುತ್ತದೆ: ಏಳನೆಯ ನಡೆಗೆ ಮೂವತ್ತು ಸೆಕೆಂಡು, ಏಕೆಂದರೆ ಆ ಆರಂಭ ಅವನಿಗೆ ಗೊತ್ತಿರಲಿಲ್ಲ. ಬೆರಳಿನ ಚುರುಕು, ಎದುರಾಳಿ ಆಡುವ ಮೊದಲೇ ನಡೆ ಒತ್ತಿಡುವ ಪ್ರಿಮೂವ್, ನೆಟ್‌ವರ್ಕ್ ಇವೆಲ್ಲ ಲೆಕ್ಕಕ್ಕೆ ಬರುವುದು ಕೊನೆಯ ಹತ್ತು ಸೆಕೆಂಡಿನಲ್ಲಿ. ಒಂದು ನಿಮಿಷದ ಬುಲೆಟ್ ಆಟವನ್ನು ನಾನು ಈ ವಾದದಿಂದ ಹೊರಗಿಡುತ್ತೇನೆ. ಅದು ಬಹುಮಟ್ಟಿಗೆ ಕೈಯ ಆಟ.

ಪುಸ್ತಕ, ತರಬೇತುದಾರ ಇಲ್ಲದ ಊರಿನಲ್ಲಿ ಒಂಟಿ ಅಭ್ಯಾಸ ಹೇಗೆಂದರೆ, ಅದೇ ಮೊಬೈಲು ಸಾಕು. ಚೆಸ್ ತಾಣವಾದ ಲಿಚೆಸ್‌ನಲ್ಲಿ ಒಗಟುಗಳೂ ಆಡಿದ ಆಟದ ವಿಶ್ಲೇಷಣೆಯೂ ಪೂರ್ತಿ ಉಚಿತ. ಬರೀ ಮೂರು ನಿಮಿಷದ ಬದಲು ನಡೆಗೆ ಎರಡು ಸೆಕೆಂಡು ಸೇರುವ ಆಟ ಆರಿಸಿಕೊಂಡರೆ ನಲವತ್ತು ನಡೆಗೆ ಎಂಬತ್ತು ಸೆಕೆಂಡು ಹೆಚ್ಚು ಸಿಗುತ್ತದೆ, ಗೆದ್ದ ಸ್ಥಿತಿಯನ್ನು ಮುಗಿಸಿ ನೋಡುವ ಅವಕಾಶವೂ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್ ನಡೆಯುವುದೂ ಇದೇ ಲೆಕ್ಕದಲ್ಲಿ. ಸೋತ ಆಟವನ್ನು ಮೊದಲು ಎಂಜಿನ್ (ನಡೆ ಸೂಚಿಸುವ ತಂತ್ರಾಂಶ) ಇಲ್ಲದೆ ನೋಡಬೇಕು, ಹೆಚ್ಚು ಸಮಯ ತಿಂದ ನಡೆಯನ್ನು ಗುರುತಿಸಬೇಕು, ಅಲ್ಲಿ ತನಗೆ ಗೊತ್ತಿರದೆ ಇದ್ದದ್ದೇನೆಂದು ಕೇಳಿಕೊಳ್ಳಬೇಕು. ಎರಡು ಆಟದ ನಡುವೆ ಹತ್ತು ನಿಮಿಷ ಹಿಡಿಯುವ ಈ ಕೆಲಸಕ್ಕೆ ಮನಸ್ಸು ಬಗ್ಗುವುದಿಲ್ಲ, ಏಕೆಂದರೆ ಪರದೆಯ ಮೇಲೆ ಮುಂದಿನ ಎದುರಾಳಿ ಆಗಲೇ ಸಿದ್ಧನಾಗಿರುತ್ತಾನೆ.