ಮನಸ್ಸೇನು ಗೇಟೆಡ್ ಲೇಔಟೇ?

ಶನಿವಾರ ಬೆಳಿಗ್ಗೆ ಬಳ್ಳಾರಿ ರಸ್ತೆ ಹಿಡಿದರೆ ಹೆಬ್ಬಾಳದಿಂದ ನಂದಿಬೆಟ್ಟದ ತಪ್ಪಲಿನವರೆಗೆ ಮನಃಶಾಂತಿ ಮಾರಾಟಕ್ಕಿದೆ. ರೆಸಾರ್ಟಿನಲ್ಲಿ ಎರಡು ದಿನದ ಮೌನ, ಫಾರ್ಮ್‌ಹೌಸಿನಲ್ಲಿ ಧ್ಯಾನದ ಜೊತೆ ಸಿರಿಧಾನ್ಯದ ಊಟ, ಅದೂ ಆಗದಿದ್ದರೆ ಫೋನಿನೊಳಗೊಂದು ಆ್ಯಪ್. ಕಣ್ಣು ಮುಚ್ಚಿ ಉಸಿರು ಎಣಿಸುವವರ ಮೇಲೆ ನನಗೇನೂ ಸಿಟ್ಟಿಲ್ಲ. ವಾರವಿಡೀ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೆಂದು ಬಂದವರಿಗೆ ನಿದ್ದೆಯಾದರೂ ಸಿಗಲಿ. ನನ್ನ ತಕರಾರಿರುವುದು ಆ ಪ್ಯಾಕೇಜಿನ ಜೊತೆ ಪುಕ್ಕಟೆ ಬರುವ ಸಿದ್ಧಾಂತದ ಬಗ್ಗೆ. ನಿಮ್ಮ ಮನಸ್ಸು ನಿಮ್ಮೊಬ್ಬರದು, ಅದು ಕೆಟ್ಟಿದ್ದಕ್ಕೆ ಕಾರಣ ನೀವು, ರಿಪೇರಿ ಮಾಡಬೇಕಾದವರೂ ನೀವೇ ಅನ್ನುತ್ತೆ ಆ ಸಿದ್ಧಾಂತ. ಮನಸ್ಸು ಅಂದರೆ ಸುತ್ತ ಕಾಂಪೌಂಡ್ ಎಬ್ಬಿಸಿ ಗೇಟ್ ಹಾಕಿದ ಲೇಔಟ್ ಇದ್ದ ಹಾಗೆ!

ಇದು ಸುಳ್ಳು. ಸುಳ್ಳು ಅಂತ ತೋರಿಸಿಕೊಟ್ಟವರು ಇದೇ ಸೀಮೆಯವರು. ಡಿ.ಆರ್. ನಾಗರಾಜ್. ಹೆಸರಿನ ಮೊದಲಿನ ಆ 'ಡಿ' ಅಂದರೆ ದೊಡ್ಡಬಳ್ಳಾಪುರ. 1954ರಲ್ಲಿ ಅಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದರು, ಬಂಡಾಯ ಚಳವಳಿಯಲ್ಲಿ ಬೆಳೆದರು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದರು, ಷಿಕಾಗೋ ವಿಶ್ವವಿದ್ಯಾಲಯಕ್ಕೂ ಹೋಗಿ ಪಾಠ ಹೇಳಿದರು, 1998ರ ಆಗಸ್ಟ್‌ನಲ್ಲಿ, ನಲವತ್ತನಾಲ್ಕಕ್ಕೇ ಹೊರಟುಹೋದರು. ಅವರನ್ನು ಸಾಹಿತ್ಯ ವಿಮರ್ಶಕ ಅಂತ ಕಪಾಟಿಗೆ ಸೇರಿಸಿ ಕೈ ತೊಳೆದುಕೊಂಡಿದ್ದೇವೆ. ಆದರೆ ಅವರು ಕೆದಕುತ್ತಿದ್ದದ್ದು ಮನಸ್ಸನ್ನು. ಅವಮಾನ ಉಂಡ ಮನಸ್ಸು ಹೇಗೆ ಯೋಚಿಸುತ್ತೆ, ತನ್ನದೇ ನೆನಪನ್ನು ಯಾಕೆ ಕಳೆದುಕೊಳ್ಳುತ್ತೆ ಅನ್ನೋದನ್ನು.

1993ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕ 'ದ ಫ್ಲೇಮಿಂಗ್ ಫೀಟ್'ನಲ್ಲಿ ಗಾಂಧಿ ಮತ್ತು ಅಂಬೇಡ್ಕರ್ ಬಗ್ಗೆ ಒಂದು ಪ್ರಬಂಧವಿದೆ. ಅಸ್ಪೃಶ್ಯತೆ ಸವರ್ಣೀಯರ ಪಾಪ, ಅವರು ಮೊದಲು ತಮ್ಮ ಮನಸ್ಸು ತೊಳೆದುಕೊಳ್ಳಲಿ ಅನ್ನುವುದು ಗಾಂಧಿಯ ದಾರಿ. ಅದು ಆತ್ಮಶುದ್ಧಿ. ಹಾಗಾದರೆ ಈ ನಾಟಕದಲ್ಲಿ ದಲಿತನ ಪಾತ್ರ ಏನು, ಯಾರದೋ ಪಾಪ ತೊಳೆಯುವ ನೀರೇ? ಅಂಬೇಡ್ಕರ್ ಕೇಳಿದ್ದು ಆತ್ಮಗೌರವ. 1932ರಲ್ಲಿ ಪುಣೆ ಒಪ್ಪಂದದ ಹೊತ್ತಿಗೆ ಇವರಿಬ್ಬರೂ ಮುಖಾಮುಖಿಯಾದರಲ್ಲ, ಆ ಘರ್ಷಣೆಯಿಂದ ಇಬ್ಬರೂ ಬದಲಾಗಿಯೇ ಹೊರಬಂದರು, ಇವರದ್ದು ಅವರಿಗೆ, ಅವರದ್ದು ಇವರಿಗೆ ಸ್ವಲ್ಪ ಅಂಟಿಕೊಂಡಿತು ಅನ್ನುವುದು ಡಿ.ಆರ್. ವಾದ. ಅಂದರೆ, ಗಾಂಧಿಯಂಥವರ ಮನಸ್ಸೂ ಒಂಟಿಯಾಗಿ ಕೂತು ಬದಲಾಗಲಿಲ್ಲ. ಎದುರಾಳಿಗೆ ಡಿಕ್ಕಿ ಹೊಡೆದು ಬದಲಾಯಿತು.

ಈಗ ನಮ್ಮ ವೀಕೆಂಡ್ ಧ್ಯಾನವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಗಾಂಧಿಯ ಆತ್ಮಶುದ್ಧಿಯಲ್ಲಿ ಪಾಪಪ್ರಜ್ಞೆಯಾದರೂ ಇತ್ತು. ನಮ್ಮದರಲ್ಲಿ ಅದೂ ಇಲ್ಲ, ಶುದ್ಧಿ ಮಾತ್ರ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರಿಗೆ ಬೇರೆ ಲಿಫ್ಟು. ಒಂಬತ್ತನೇ ಮಹಡಿಯಲ್ಲಿ ಒಬ್ಬರು 'ಈ ಕ್ಷಣದಲ್ಲಿ' ಇರೋಕೆ ಒದ್ದಾಡ್ತಿರುವಾಗ ಕೆಳಗೆ ಇನ್ನೊಬ್ಬರು ಸರ್ವಿಸ್ ಲಿಫ್ಟಿಗೆ ಕಾಯ್ತಾ ನಿಂತಿರ್ತಾರೆ. ಅವರ ಮನಸ್ಸಿಗೆ ಯಾವ ಆ್ಯಪ್ ಇದೆ ಸ್ವಾಮಿ?

ಆತ್ಮಗೌರವ ಅಂದರೇನು ಅಂತ ಪುಸ್ತಕದಲ್ಲೇ ಹುಡುಕಬೇಕಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ ರೈತರು 1,777 ಎಕರೆ ಭೂಮಿ ಕೊಡಲ್ಲ ಅಂತ ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರವೇ ಹಿಂದೆ ಸರಿಯಿತು. ಅವರಿಗೆ ಆತಂಕ ಇರಲಿಲ್ಲವೇ? ನಿದ್ದೆ ಕೆಟ್ಟಿರಲಿಲ್ಲವೇ? ಆ ಆತಂಕಕ್ಕೆ ಮದ್ದು ಉಸಿರಾಟದಲ್ಲಿ ಇರಲಿಲ್ಲ, ಜೊತೆಗೆ ಕೂತವರಲ್ಲಿ ಇತ್ತು.

'ಹಾಗಾದರೆ ಒಳಗಿನ ಹುಡುಕಾಟವೆಲ್ಲ ಬೂಟಾಟಿಕೆಯೇ?' ಅಂತ ಕೇಳ್ತೀರಿ. ಅಲ್ಲ. ಎಡಪಂಥೀಯ ಗೆಳೆಯರ ಹಾಗೆ ಡಿ.ಆರ್. ಅಧ್ಯಾತ್ಮವನ್ನು ಗುಡಿಸಿ ಹಾಕಲಿಲ್ಲ. ಅವರ ದೊಡ್ಡ ಪುಸ್ತಕ 'ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ'. ಶೂನ್ಯಸಂಪಾದನೆಯ ಗೋರಕ್ಷನ ಪ್ರಸಂಗ ನೆನಪಿಸಿಕೊಳ್ಳಿ. ಗೋರಕ್ಷನದು ಸಾಧನೆಯಿಂದ ಗಟ್ಟಿಯಾದ ವಜ್ರದೇಹ. ಕತ್ತಿ ಬೀಸಿದರೆ ಖಣ್ ಅನ್ನುತ್ತೆ. ಅಲ್ಲಮನ ಮೇಲೆ ಬೀಸಿದರೆ ಗಾಳಿಯಲ್ಲಿ ಹಾದುಹೋದಂತೆ ಹಾದುಹೋಗುತ್ತೆ. ಇವತ್ತು ಕಾರ್ಪೊರೇಟ್ ವರ್ಕ್‌ಶಾಪುಗಳಲ್ಲಿ ರೆಸಿಲಿಯೆನ್ಸ್ ಅಂತ ಹೇಳಿಕೊಡೋದೆಲ್ಲ ಗೋರಕ್ಷನ ವಿದ್ಯೆಯೇ: ಏಟು ತಿನ್ನಿ, ಖಣ್ ಅನ್ನಿ, ಸೋಮವಾರ ಲಾಗಿನ್ ಆಗಿ. ಅಲ್ಲಮ ಕೇಳೋದು ಅದಕ್ಕಿಂತ ಕಷ್ಟದ್ದು. ಏಟು ತಡೆಯುವ ಆ 'ನಾನು' ಯಾರು ಅಂತ.

ಇಂಥ ವಿಚಾರ ತಾನಾಗಿ ಹರಡಲ್ಲ. ಯಾರಾದರೂ ತಮ್ಮ ಸೀಮೆಯಲ್ಲಿ, ತಮ್ಮ ಜನರ ಮಾತಿನಲ್ಲಿ ಹೊತ್ತು ತಿರುಗಬೇಕು. ಹದಿನಾರನೇ ಶತಮಾನದ ಆರಂಭದಲ್ಲಿ ಚೀನಾದ ಕನ್‌ಫ್ಯೂಷಿಯನ್ ಪಂಡಿತ ವಾಂಗ್ ಯಾಂಗ್‌ಮಿಂಗ್, ಅರಿವು ಮತ್ತು ನಡೆ ಎರಡಲ್ಲ, ಮಾಡದೆ ಉಳಿದದ್ದು ತಿಳಿದೇ ಇಲ್ಲ ಅಂದ. ಮನಸ್ಸಿನ ಈ ದರ್ಶನವನ್ನು ಜಪಾನಿನಲ್ಲಿ ಬಿತ್ತಿದವನು ರಾಜಧಾನಿಯ ಪ್ರೊಫೆಸರನಲ್ಲ. 1634ರಲ್ಲಿ ಸಾಮಂತನ ಚಾಕರಿ ಬಿಟ್ಟು ತಾಯಿಯಿದ್ದ ಒಗಾವಾ ಹಳ್ಳಿಗೆ ವಾಪಸಾದ ನಕಾಯೆ ತೋಜು. ಊರಿನ ಸಾಮಾನ್ಯ ಜನರಿಗೂ ಪಾಠ ಹೇಳಿದ. ಡಿ.ಆರ್. ಥರವೇ ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡ. ಜಪಾನಿನ ಜನ ಅವನನ್ನು ಇವತ್ತಿಗೂ ಓಮಿ ಸೀಮೆಯ ಸಂತ ಅಂತ ಕರೆಯುತ್ತಾರೆ.

ಡಿ.ಆರ್. ಮಾಡಿದ್ದೂ ಇಂಥದ್ದೇ ಕೆಲಸ. ಹೆಗ್ಗೋಡಿನ ಅಕ್ಷರ ಪ್ರಕಾಶನಕ್ಕೆ 'ಅಕ್ಷರ ಚಿಂತನ' ಮಾಲೆಯ ಸಂಪಾದಕರಾಗಿ ಗಂಭೀರ ಚಿಂತನೆಯ ಪುಸ್ತಕಗಳನ್ನು ಕನ್ನಡಕ್ಕೆ ತರಿಸಿದರು. ಕನ್ನಡದಲ್ಲಿ ಕತೆ, ಕವನ ಸಾಕು, ಫಿಲಾಸಫಿಗೆ ಇಂಗ್ಲಿಷ್ ಇದೆಯಲ್ಲ ಅನ್ನೋ ಸೋಮಾರಿತನಕ್ಕೆ ಅದು ಉತ್ತರ. ನಾವೇನು ಮಾಡಿದೆವು? ಸತ್ತ ಮೇಲೆ 'ಸಾಹಿತ್ಯ ಕಥನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಚಪ್ಪಾಳೆ ತಟ್ಟಿದೆವು. ಷಿಕಾಗೋ ಅಂತ ಬೀಗಿದೆವು. ಓದಲಿಲ್ಲ.

ಡಿ.ಆರ್. ಬರಹ ಕಷ್ಟ ಅಂತೀರಿ. ಹೌದು, ಕಷ್ಟವೇ. ಸಿಸ್ಟಮ್ ಡಿಸೈನ್ ಇಂಟರ್‌ವ್ಯೂಗೆ ಮೂರು ತಿಂಗಳು ರಾತ್ರಿ ಓದುವವರು ಈ ನೆಪ ಹೇಳಬಾರದು.

ಧ್ಯಾನ ಬಿಡಬೇಡಿ. ಆದರೆ ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಆ ಲಿಫ್ಟಿನ ವಿಷಯ ಎತ್ತಿ. ಎದ್ದು ನಿಂತಾಗ ಗಂಟಲು ಒಣಗುತ್ತೆ, ಪಕ್ಕದ ಫ್ಲಾಟಿನವರು ಮುಖ ತಿರುಗಿಸ್ತಾರೆ, ವಾಟ್ಸ್ಯಾಪ್ ಗ್ರೂಪಿನಲ್ಲಿ ಎರಡು ದಿನ ಜಗಳ ನಡೆಯುತ್ತೆ. ನಡೆಯಲಿ. ಮನಸ್ಸು ಬದಲಾಗುವುದು ಅಂಥ ಜಾಗದಲ್ಲೇ.