ಕಾವಲುಗಾರನೇ ಬಾಗಿಲಿಗೆ ಅಡ್ಡ ನಿಂತಾಗ

ಶನಿವಾರ ರಾತ್ರಿ ಹತ್ತೂವರೆಗೆ ಮುಲುಂಡಿನಿಂದ ಮಾಸ್ಟ್ರ ಫೋನ್ ಬಂತು. ಮೂವತ್ತು ವರ್ಷ ಮುಂಬಯಿಯ ರಾತ್ರಿಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಕನ್ನಡ ಕಲಿಸಿದವರು ಅವರು. ಹತ್ತು ಗಂಟೆಯ ಮೇಲೆ ಯಾರಿಗೂ ಫೋನ್ ಮಾಡುವವರಲ್ಲ.

“ಮಾರಾಯ, ನಿನ್ನ ಮಾತು ಕೇಳಿ ಕೆಟ್ಟೆ. ಫೈರ್‌ವಾಲ್ ಬೇಕೇ ಬೇಕು ಅಂತ ಬರೆದಿದ್ದಿ ಅಲ್ವಾ? ಹಾಕಿದೆ. ಈಗ ಕಂಪ್ಯೂಟರ್ ಶುರುವೇ ಆಗುದಿಲ್ಲ.”

ಬರೆದದ್ದು ನಿಜ. ಹಿಂದೊಮ್ಮೆ ಇದೇ ಅಂಕಣದಲ್ಲಿ, ಆನ್‌ಲೈನ್ ವಂಚನೆಗಳ ಬಗ್ಗೆ ಬರೆಯುತ್ತ, ‘ಕಂಪ್ಯೂಟರಿಗೆ ಫೈರ್‌ವಾಲ್ ಇರಲೇಬೇಕು’ ಎಂದು ಒಂದು ಸಾಲು ಗೀಚಿದ್ದೆ. ಅದು ವಿಂಡೋಸ್ ಜೊತೆಗೇ ಬಂದಿರುತ್ತದೆ, ಬೇರೆ ತರಬೇಕಾಗಿಲ್ಲ ಎಂದು ಬರೆಯಲಿಲ್ಲ. ಮಾಸ್ಟ್ರು ನನ್ನನ್ನು ನಂಬಿ ಎಲ್ಲಿಂದಲೋ ಒಂದು ಉಚಿತ ಫೈರ್‌ವಾಲ್ ಇಳಿಸಿಕೊಂಡು, ಕೇಳಿದ್ದಕ್ಕೆಲ್ಲ ‘ಯೆಸ್’ ಒತ್ತಿ, ಕೊನೆಗೆ ‘ರೀಸ್ಟಾರ್ಟ್’ ಮಾಡಿದ್ದಾರೆ. ಆಮೇಲೆ ಶುರುವಾದದ್ದು ಒಂದೇ ಆಟ: ವಿಂಡೋಸ್ ಚಿಹ್ನೆ ಬರುತ್ತದೆ, ಚುಕ್ಕೆಗಳು ಸುತ್ತುತ್ತವೆ, ನೀಲಿ ಪರದೆ ಬರುತ್ತದೆ, ಯಂತ್ರ ತಾನೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ.

ಸಂಜೆ ಅವರು ಅದನ್ನು ಸ್ಟೇಷನ್ ಬಳಿಯ ರಿಪೇರಿ ಅಂಗಡಿಗೂ ಒಯ್ದಿದ್ದರು. ಅಲ್ಲಿನ ಹುಡುಗ ಹಾರ್ಡ್‌ಡಿಸ್ಕ್ ಬಿಚ್ಚಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಒಂದೆರಡು ಫೈಲ್ ತೆರೆದು ನೋಡಿದನಂತೆ. “ಅಂಕಲ್, ಸಬ್ ಖರಾಬ್ ಹೋ ಗಯಾ. ಫಾರ್ಮ್ಯಾಟ್ ಮಾರ್ನಾ ಪಡೇಗಾ” ಅಂದನಂತೆ.

“ಅದರಲ್ಲಿ ನನ್ನ ಹುಡುಗರೆಲ್ಲ ಇದ್ದಾರೆ ಮಾರಾಯ” ಅಂದರು ಮಾಸ್ಟ್ರು. ಆಮೇಲೆ ಮಾತೇ ಇಲ್ಲ.

ಹುಡುಗರು ಎಂದರೆ ರಾತ್ರಿಶಾಲೆಯ ಹುಡುಗರು. ಹಗಲೆಲ್ಲ ಟೇಬಲ್ ಒರೆಸಿ, ಲೋಟ ತೊಳೆದು, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತಲೇ ಎಸ್ಸೆಸ್ಸೆಲ್ಸಿ ಮಾಡಿದವರು. ಅವರ ಕಥೆಯನ್ನು ಮಾಸ್ಟ್ರು ನಾಲ್ಕು ವರ್ಷದಿಂದ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದಾರೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ನಾನು ಹೇಳಿದ್ದು ಒಂದೇ: “ಮಾಸ್ಟ್ರೇ, ಇನ್ನು ಅದನ್ನು ಮುಟ್ಟಬೇಡಿ. ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಬೆಳಿಗ್ಗೆ ಬರುತ್ತೇನೆ.”

ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್. ಡೊಂಬಿವಿಲಿಯಿಂದ ಮುಲುಂಡಿಗೆ ಹೋಗುವ ಹೊತ್ತಿಗೆ ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಆ ಅಂಗಡಿಯ ಹುಡುಗ ತನಗೆ ತಿಳಿಯದೆಯೇ ನನಗೊಂದು ಒಳ್ಳೆಯ ಸುದ್ದಿ ಕೊಟ್ಟಿದ್ದ. ಫೈಲ್ ತೆರೆಯಿತು ಎಂದರೆ ಡಿಸ್ಕ್ ಓದುತ್ತಿದೆ. ಹಾಗಾದರೆ ‘ಖರಾಬ್’ ಯಾವುದು? ಮಾಸ್ಟ್ರು ಟೈಪ್ ಮಾಡುವುದು ನುಡಿಯ ಹಳೆಯ ಫಾಂಟಿನಲ್ಲಿ, ಯೂನಿಕೋಡಿನಲ್ಲಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಥ ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕನ್ನಡವನ್ನೇ ನೋಡದ ಹುಡುಗನಿಗೆ ಅದು ಕೆಟ್ಟ ಫೈಲಿನಂತೆ ಕಂಡದ್ದರಲ್ಲಿ ತಪ್ಪಿಲ್ಲ. ಪರವೂರಿನಲ್ಲಿರುವ ನಾವು ಇದನ್ನು ನೆನಪಿಡಬೇಕು: ನಮ್ಮ ಭಾಷೆ ಓದಲು ಬಾರದವರು ‘ಹಾಳಾಗಿದೆ’ ಎಂದ ಮಾತ್ರಕ್ಕೆ ಅಳಿಸಲು ಒಪ್ಪಬಾರದು.

ಫೈರ್‌ವಾಲ್ ಹಾಕಿದರೆ ಕಂಪ್ಯೂಟರ್ ಏಕೆ ಏಳುವುದಿಲ್ಲ? ವರ್ಡ್‌ನಂಥ ತಂತ್ರಾಂಶ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ, ಉಳಿದದ್ದು ನಡೆಯುತ್ತಿರುತ್ತದೆ. ಫೈರ್‌ವಾಲ್ ಹಾಗಲ್ಲ. ನೆಟ್‌ವರ್ಕಿನಲ್ಲಿ ಬಂದುಹೋಗುವುದನ್ನೆಲ್ಲ ತಡೆದು ನೋಡಬೇಕಾದ್ದರಿಂದ ಅದು ವಿಂಡೋಸಿನ ತಿರುಳಿಗೇ ತನ್ನ ಡ್ರೈವರ್ ಸೇರಿಸುತ್ತದೆ. ಆ ಡ್ರೈವರ್ ನೀವು ಪಾಸ್‌ವರ್ಡ್ ಹಾಕುವುದಕ್ಕಿಂತ ಮೊದಲೇ ಕೆಲಸ ಶುರುಮಾಡುತ್ತದೆ. ಅದು ಅಲ್ಲಿ ಎಡವಿದರೆ, ಇನ್ನಷ್ಟು ಹಾನಿಯಾಗದಿರಲಿ ಎಂದು ವಿಂಡೋಸ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ನೀಲಿ ಪರದೆ ಎಂದರೆ ಅದೇ.

ಮಾಸ್ಟ್ರ ಕಂಪ್ಯೂಟರಿನಲ್ಲಿ ಇನ್ನೊಂದು ತೊಡಕಿತ್ತು. ಅವಧಿ ಮುಗಿದ ಹಳೆಯ ಆಂಟಿವೈರಸ್ ಒಂದು ಅಲ್ಲೇ ಕೂತಿತ್ತು, ಅದಕ್ಕೂ ತನ್ನದೇ ಫೈರ್‌ವಾಲ್ ಇತ್ತು. ನಮ್ಮ ಸೊಸೈಟಿಯ ಒಂದೇ ಗೇಟಿಗೆ ಎರಡು ಕಂಪನಿಯ ಇಬ್ಬರು ವಾಚ್‌ಮನ್‌ಗಳನ್ನು ನಿಲ್ಲಿಸಿದಂತೆ. ಅವರ ಜಗಳದಲ್ಲಿ ಕಳ್ಳನ ಜೊತೆಗೆ ಮನೆಯವರೂ ಹೊರಗೇ.

ಮನೆ ತಲುಪಿದೆ. ಮಾಸ್ಟ್ರ ಮನೆಯವರು ನೀರುದೋಸೆ ಇಟ್ಟರು. ಮಾಸ್ಟ್ರು ಮುಟ್ಟಲಿಲ್ಲ, ನಾನು ತಿಂದೆ. ಆಮೇಲೆ ಕೆಲಸಕ್ಕೆ ಕೂತೆ. ನಿಮಗೂ ಬೇಕಾದೀತು ಎಂದು ಕ್ರಮವಾಗಿ ಬರೆಯುತ್ತೇನೆ. ಇದು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತದೆ.

ಮೊದಲು ನೆಟ್‌ವರ್ಕ್ ಕೇಬಲ್, ಪ್ರಿಂಟರ್ ಎಲ್ಲ ಕಳಚಿದೆ. ನೀಲಿ ಪರದೆ ಬಂದಾಗ ಮೊಬೈಲಿನಲ್ಲಿ ಫೋಟೊ ತೆಗೆದೆ. ಅದರಲ್ಲಿ ಕೆಲವೊಮ್ಮೆ ‘ವಾಟ್ ಫೇಲ್ಡ್’ ಎಂಬ ಸಾಲಿನ ಮುಂದೆ ಒಂದು ಫೈಲಿನ ಹೆಸರು ಇರುತ್ತದೆ. ಇಲ್ಲಿ ಇತ್ತು. ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿದಾಗ ಅದು ಹೊಸ ಫೈರ್‌ವಾಲಿನದೇ ಎಂದು ತಿಳಿಯಿತು. ಇಲ್ಲದಿದ್ದರೂ ಒಂದು ಹಳೆಯ ನಿಯಮವಿದೆ: ಕೊನೆಗೆ ಹಾಕಿದ್ದರ ಮೇಲೆಯೇ ಮೊದಲ ಗುಮಾನಿ.

ಹಿಂದೆ ಎಫ್8 ಒತ್ತಿದರೆ ಸೇಫ್ ಮೋಡ್ ಬರುತ್ತಿತ್ತು. ವಿಂಡೋಸ್ 8ರಿಂದ ಆ ದಾರಿಯನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ. ಈಗ ಸತತವಾಗಿ ಎರಡು ಮೂರು ಸಲ ಬೂಟ್ ಆಗುವುದು ಅರ್ಧಕ್ಕೇ ನಿಂತರೆ ವಿಂಡೋಸ್ ತಾನಾಗಿಯೇ ರಿಪೇರಿ ಪರದೆಗೆ ಒಯ್ಯುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’ ಒತ್ತಬೇಕು. ತಕ್ಷಣ ಕಣ್ಣಿಗೆ ಬೀಳುವುದು ‘ರಿಸೆಟ್ ದಿಸ್ ಪಿಸಿ’. ಅವಸರದಲ್ಲಿ ಅದನ್ನು ಒತ್ತಬೇಡಿ. ಫೈಲ್ ಉಳಿಸಿಕೊಳ್ಳುವ ಆಯ್ಕೆ ಆರಿಸಿದರೂ ನೀವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಅದರ ಬದಲು ‘ಅಡ್ವಾನ್ಸ್‌ಡ್ ಆಪ್ಷನ್ಸ್’ಗೆ ಹೋಗಿ.

ಅಲ್ಲಿ ನಾನು ರಿಪೇರಿಗೆ ಕೈಹಾಕಲಿಲ್ಲ. ಮೊದಲು ಹುಡುಗರನ್ನು ಹೊರಗೆ ತರಬೇಕಿತ್ತು. ‘ಕಮಾಂಡ್ ಪ್ರಾಂಪ್ಟ್’ ತೆರೆದು ‘ನೋಟ್‌ಪ್ಯಾಡ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದೆ. ನೋಟ್‌ಪ್ಯಾಡಿನ ‘ಫೈಲ್’ ಮೆನುವಿನಲ್ಲಿ ‘ಓಪನ್’ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿದರೆ ಡಿಸ್ಕಿನಲ್ಲಿರುವ ಫೋಲ್ಡರ್‌ಗಳೆಲ್ಲ ಕಾಣುತ್ತವೆ. ಇಲ್ಲಿ ಸಿ ಡ್ರೈವ್ ಬೇರೆ ಅಕ್ಷರದಲ್ಲಿ ಕಂಡರೆ ಗಾಬರಿಯಾಗಬೇಡಿ. ‘ಯೂಸರ್ಸ್’ ಒಳಗೆ ಮಾಸ್ಟ್ರ ಹೆಸರಿನ ಫೋಲ್ಡರ್, ಅದರೊಳಗೆ ‘ಡಾಕ್ಯುಮೆಂಟ್ಸ್’, ಅದರೊಳಗೆ ‘ಹುಡುಗರು’. ಬಲಗುಂಡಿ ಒತ್ತಿ ಕಾಪಿ ಮಾಡಿ, ಅಲ್ಲೇ ಪೆನ್‌ಡ್ರೈವಿಗೆ ಹೋಗಿ ಪೇಸ್ಟ್ ಮಾಡಿದೆ. ಎಷ್ಟು ಮುಗಿಯಿತು ಎಂದು ಅದು ತೋರಿಸುವುದಿಲ್ಲ, ಸುಮ್ಮನೆ ಕಾಯಬೇಕು. ಆಮೇಲೆ ಪೆನ್‌ಡ್ರೈವನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿ, ನುಡಿ ಫಾಂಟ್ ಆರಿಸಿದೊಡನೆ ಕನ್ನಡ ಬಂತು. ಮಾಸ್ಟ್ರು ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಮೊದಲ ಸಾಲು ಓದಿದರು. ಒಳಗೆ ಹೋಗಿ ದೋಸೆಯ ತಟ್ಟೆ ತಂದುಕೊಂಡು ಕೂತರು.

ಹೊಸ ಲ್ಯಾಪ್‌ಟಾಪ್ ಇರುವವರಿಗೆ ಇಲ್ಲೊಂದು ಎಚ್ಚರಿಕೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇರುತ್ತದೆ. ಆಗ ಈ ಹಂತದಲ್ಲಿ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ಹುಡುಕಿ ಕಾಗದದ ಮೇಲೆ ಬರೆದಿಡಿ.

ಫೈಲ್ ಕೈಗೆ ಬಂದ ಮೇಲೆ ಧೈರ್ಯ ಬಂತು. ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಒತ್ತಿ, ರೀಸ್ಟಾರ್ಟ್ ಆದಾಗ ಬಂದ ಪಟ್ಟಿಯಲ್ಲಿ 4 ಒತ್ತಿದೆ. ಅದು ಸೇಫ್ ಮೋಡ್. ಅತ್ಯಗತ್ಯವಾದ ಡ್ರೈವರ್‌ಗಳು ಮಾತ್ರ ಏಳುತ್ತವೆ, ಹೊರಗಿನಿಂದ ಬಂದ ಫೈರ್‌ವಾಲ್ ಸಾಮಾನ್ಯವಾಗಿ ಮಲಗಿಯೇ ಇರುತ್ತದೆ. ಕಂಪ್ಯೂಟರ್ ಎದ್ದಿತು. ಗುಮಾನಿ ಇನ್ನಷ್ಟು ಗಟ್ಟಿಯಾಯಿತು.

ಫೈರ್‌ವಾಲ್ ತೆಗೆಯಲು ಹೋದರೆ ‘ವಿಂಡೋಸ್ ಇನ್‌ಸ್ಟಾಲರ್’ ಸಿಗುತ್ತಿಲ್ಲ ಎಂಬ ಉತ್ತರ. ಸೇಫ್ ಮೋಡಿನಲ್ಲಿ ಆ ಸೇವೆ ನಡೆಯುವುದಿಲ್ಲ. ಅನೇಕರು ಇಲ್ಲಿಗೆ ಬಂದು ಕೈಚೆಲ್ಲುತ್ತಾರೆ. ನಾನು ಮತ್ತೆ ರಿಪೇರಿ ಪರದೆಗೆ ಮರಳಿ ‘ಸಿಸ್ಟಂ ರಿಸ್ಟೋರ್’ ತೆರೆದೆ. ಹೊಸ ತಂತ್ರಾಂಶ ಹಾಕುವ ಮೊದಲು ವಿಂಡೋಸ್ ಎಷ್ಟೋ ಸಲ ತನ್ನ ಸ್ಥಿತಿಯನ್ನು ಗುರುತು ಹಾಕಿಟ್ಟುಕೊಂಡಿರುತ್ತದೆ. ಪುಣ್ಯಕ್ಕೆ ಶನಿವಾರದ ಗುರುತು ಇತ್ತು. ಎಲ್ಲರ ಯಂತ್ರದಲ್ಲೂ ಈ ಸೌಲಭ್ಯ ಚಾಲೂ ಇರುವುದಿಲ್ಲ, ನಿಮ್ಮದನ್ನು ಇವತ್ತೇ ನೋಡಿಕೊಳ್ಳಿ. ಇದು ಡ್ರೈವರ್, ತಂತ್ರಾಂಶ, ಸೆಟ್ಟಿಂಗ್‌ಗಳನ್ನು ಹಿಂದಕ್ಕೆ ಒಯ್ಯುತ್ತದೆ, ನಿಮ್ಮ ಬರಹ, ಫೋಟೊಗಳನ್ನು ಮುಟ್ಟುವುದಿಲ್ಲ.

ಅರ್ಧ ಗಂಟೆ ಕಾದೆವು. ವಿಂಡೋಸ್ ಚಿಹ್ನೆ, ಚುಕ್ಕೆಗಳು, ಆಮೇಲೆ ಮಾಸ್ಟ್ರ ಮೊಮ್ಮಗಳ ಫೋಟೊ ಇರುವ ಪರದೆ. ಅವಧಿ ಮುಗಿದ ಆಂಟಿವೈರಸ್ಸನ್ನೂ ಅದರ ಕಂಪನಿಯೇ ಕೊಡುವ ತೆಗೆಯುವ ಸಾಧನದಿಂದ ಬೇರುಸಮೇತ ಕಿತ್ತೆ. ‘ವಿಂಡೋಸ್ ಸೆಕ್ಯುರಿಟಿ’ ತೆರೆದು ಅಲ್ಲಿನ ಫೈರ್‌ವಾಲ್ ಚಾಲೂ ಇದೆ ಎಂದು ಖಾತ್ರಿ ಮಾಡಿಕೊಂಡೆ. 2004ರಲ್ಲಿ ಬಂದ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕಿನಿಂದಲೇ ಅದು ತಾನಾಗಿ ಚಾಲೂ ಇರುತ್ತದೆ. ಮನೆ ಬಳಕೆಗೆ ಅಷ್ಟು ಸಾಕು.

ಮಾಸ್ಟ್ರಿಗೆ ನಾಚಿಕೆಯಾಗಿತ್ತು. “ಗೊತ್ತಿಲ್ಲದವ ಕೈ ಹಾಕಬಾರದಿತ್ತು” ಅಂದರು. ನಾನು ಅವರಿಗೆ 2024ರ ಜುಲೈ 19ರ ಶುಕ್ರವಾರ ನೆನಪಿಸಿದೆ. ಕ್ರೌಡ್‌ಸ್ಟ್ರೈಕ್ ಎಂಬ ದೊಡ್ಡ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಫೈಲಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಹೀಗೆಯೇ ನೀಲಿಯಾದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅಲ್ಲೂ ಅನೇಕ ಕಡೆ ಸೇಫ್ ಮೋಡಿಗೆ ಹೋಗಿ ಆ ಒಂದು ಫೈಲ್ ಅಳಿಸಬೇಕಾಯಿತು, ಅಲ್ಲೂ ಬಿಟ್‌ಲಾಕರ್ ಕೀ ಹುಡುಕಿ ಸುಸ್ತಾದರು. ದೊಡ್ಡವರಿಗೂ ಆಗುವುದೇ ಮಾಸ್ಟ್ರಿಗೂ ಆಗಿದೆ.

ಅಷ್ಟಕ್ಕೂ ಅವರಿಗೆ ಫೈರ್‌ವಾಲ್ ಏಕೆ ಬೇಕಾಗಿತ್ತು? ಪಕ್ಕದ ಬಿಲ್ಡಿಂಗಿನ ಒಬ್ಬರಿಗೆ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಣ ಕಿತ್ತಿದ್ದರಂತೆ. ಆ ಭಯ. ಆದರೆ ಫೈರ್‌ವಾಲ್ ತಡೆಯುವುದು ಕಂಪ್ಯೂಟರಿಗೆ ಬರುವವರನ್ನು, ಫೋನಿನಲ್ಲಿ ಮಾತನಾಡಿ ಮರುಳು ಮಾಡುವವರನ್ನಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಅಂಥ ಫೋನ್ ಬಂದರೆ ಕಟ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದನ್ನು ನಾನು ಅಂದೇ ಬರೆಯಬೇಕಿತ್ತು. ಬರೆಯದ ತಪ್ಪು ನನ್ನದು, ಅದಕ್ಕೇ ಈ ಕಂತು.

ಹೊರಡುವಾಗ ಮಾಸ್ಟ್ರ ಕೈಗೆ ಎರಡು ಪೆನ್‌ಡ್ರೈವ್ ಕೊಟ್ಟೆ. ಒಂದು ಕಪಾಟಿನಲ್ಲಿ, ಇನ್ನೊಂದು ಥಾಣೆಯ ಮಗಳ ಮನೆಯಲ್ಲಿ ಇಡಬೇಕು, ಪ್ರತಿ ತಿಂಗಳ ಒಂದನೇ ತಾರೀಕು ಹೊಸದಾಗಿ ಕಾಪಿ ಮಾಡಬೇಕು. ಅವರು ಡೈರಿ ತೆಗೆದು ಮೇಷ್ಟರ ದುಂಡಕ್ಷರದಲ್ಲಿ ಬರೆದುಕೊಂಡರು.

“ಇನ್ನು ಒಂದು ಅಧ್ಯಾಯ ಬಾಕಿ ಇದೆ” ಅಂದರು.

“ಬೇಗ ಮುಗಿಸಿ ಮಾಸ್ಟ್ರೇ.”

“ಬೇಗ ಮುಗಿಸ್ಲಿಕ್ಕೆ ನಂಗೆ ಇರುದು ಒಂದೇ ಬೆರಳು ಮಾರಾಯ.”

ನುಡಿಯ ಹಳೆಯ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವುದು ಹೇಗೆ ಎಂಬುದು ಮುಂದಿನ ಕಂತಿಗೆ. ಮಾಸ್ಟ್ರ ಹುಡುಗರು ಯಾವ ಊರಿನ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡದಲ್ಲೇ ಕಾಣಬೇಕಲ್ಲ.