ಎರಡು ಬೆಟ್ಟಗಳ ನಡುವಿನ ಸೂರ್ಯ

ಮೊನ್ನೆ ಮೊಮ್ಮಗ ಒಂದು ಚಿತ್ರ ಬರೆದು ತಂದು ತೋರಿಸಿದ. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ದಡದಲ್ಲೊಂದು ಹೆಂಚಿನ ಮನೆ, ಪಕ್ಕದಲ್ಲಿ ತೆಂಗಿನಮರ. ನಲವತ್ತು ವರ್ಷಗಳ ಹಿಂದೆ ನಾನು ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳಿಂದ ನಕಲು ಮಾಡಿಸುತ್ತಿದ್ದುದೂ ಇದೇ ಚಿತ್ರ. ನಮ್ಮದೋ ಬಯಲುಸೀಮೆ. ಶಾಲೆಯ ಕಿಟಕಿಯಿಂದ ಕಾಣುತ್ತಿದ್ದುದು ಜೋಳದ ಹೊಲ, ಜಾಲಿಮರ, ಬೋರ್‌ವೆಲ್ಲಿನ ಮುಂದೆ ಸಾಲುಗಟ್ಟಿದ ಕೊಡಗಳು. ಹೊಳೆಯನ್ನೇ ಕಾಣದ ಮಕ್ಕಳು ವರ್ಷವರ್ಷವೂ ಹೊಳೆಗೆ ನೀಲಿ ಬಳಿಯುತ್ತಿದ್ದರು. ನಾನು ಅಂಕ ಕೊಡುತ್ತಿದ್ದೆ.

ಸುಂದರವಾದದ್ದು ಬೇರೆಲ್ಲೋ ಇದೆ, ಸ್ಫೂರ್ತಿ ಅಲ್ಲಿಂದಲೇ ಬರಬೇಕು ಎಂಬ ತಪ್ಪು ಪಾಠವನ್ನು ಚಿತ್ರಕಲೆಯ ಹೆಸರಿನಲ್ಲಿ ಕಲಿಸುತ್ತಾ ಬಂದವರು ನಾವು. ನಕಲು ಮಾಡುವುದರಿಂದ ಕೈ ಪಳಗುತ್ತದೆ, ಅಲ್ಲಗಳೆಯಲಾರೆ. ಆದರೆ ಕಣ್ಣು ಪಳಗುವುದಿಲ್ಲ.

ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ಬಾಲ್ಯವನ್ನು ನೆನೆದಾಗಲೆಲ್ಲ ನನಗೆ ಸಂಕೋಚವಾಗುತ್ತದೆ. ಶಾಲೆಯಲ್ಲಿ ಅವರು ಬರೆದ ಅರಳಿ ಎಲೆಯೊಂದನ್ನು ಉಪಾಧ್ಯಾಯರೊಬ್ಬರು ಮೆಚ್ಚಿದರಂತೆ. ತಾನೊಬ್ಬ ಚಿತ್ರಕಾರನಾಗಬಲ್ಲೆ ಎಂಬ ಭಾವನೆ ಆ ಹುಡುಗನಲ್ಲಿ ಮೊಳೆತದ್ದು ಅಂದಿನಿಂದ. ತಮ್ಮ ಕೋಣೆಯ ಕಿಟಕಿಯಿಂದ ಕಂಡ ಒಣ ರೆಂಬೆ, ಸೌದೆ ಸೀಳುವ ಆಳು, ಎದುರು ಮನೆಗಳ ಮಾಡಿನ ಮೇಲಿನ ಕಾಗೆ, ಎಲ್ಲವನ್ನೂ ಬರೆದರು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಅವರಿಗೆ ಪ್ರವೇಶ ದೊರೆಯಲಿಲ್ಲ. ನೋಡುವ ಅಭ್ಯಾಸವನ್ನು ಮಾತ್ರ ಬಿಡಲಿಲ್ಲ. 1951ರಲ್ಲಿ ಅವರು ಸೃಷ್ಟಿಸಿದ, ಚೌಕಳಿ ಕೋಟಿನ ಆ ಶ್ರೀಸಾಮಾನ್ಯನೂ ಬಾಯಿ ಬಿಡದೆ ಸುಮ್ಮನೆ ನೋಡುತ್ತಾ ನಿಲ್ಲುವವನೇ ಅಲ್ಲವೇ!

ಕಾಗೆಯ ಮಾತು ಬಂದಿತು. ಊರಕಾಗೆಯ ಕೊರಳು ಬೂದುಬಣ್ಣದ್ದು. ಸೇವಾವಧಿಯುದ್ದಕ್ಕೂ ಮಕ್ಕಳಿಗೆ ಕಾಗೆಯನ್ನು ಪೂರ್ತಿ ಕಪ್ಪಾಗಿಸಿ ಎಂದು ಹೇಳಿದ ನನಗೆ ಇದು ಕಂಡದ್ದು ನಿವೃತ್ತನಾಗಿ ಜಗಲಿಯಲ್ಲಿ ಕುಳಿತ ಮೇಲೆ. ದಿನವೂ ಕಂಡದ್ದನ್ನು ನೋಡಿರುತ್ತೇವೆಂದು ಭಾವಿಸುವುದು ಎಂಥ ಭ್ರಮೆ!

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಉಪಾಧ್ಯಾಯರಾಗಿದ್ದೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ: ವಾರಕ್ಕೊಮ್ಮೆಯಾದರೂ ಹಲಗೆಯನ್ನು ಖಾಲಿ ಬಿಟ್ಟು ಮಕ್ಕಳನ್ನು ಕಿಟಕಿಯ ಬಳಿ ಕೂರಿಸಿ. ಬಂದ ಚಿತ್ರ ಸೊಟ್ಟಗಿದ್ದರೂ ಇರಲಿ.

ಇದನ್ನು ಹೇಳಲು ನನಗೆ ಅರ್ಹತೆಯಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಏಳನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಬೆಟ್ಟಗಳನ್ನು ಬಿಟ್ಟು ಬೋರ್‌ವೆಲ್ಲಿನ ಮುಂದಿನ ಕೊಡಗಳನ್ನು ಬರೆದಿದ್ದಳು. ಒಂದು ಕೊಡ ನೆಗ್ಗಿತ್ತು, ಇನ್ನೊಂದರ ಕೊರಳಿಗೆ ಗುರುತಿನ ಬಟ್ಟೆ ಕಟ್ಟಿತ್ತು, ಸಾಲಿನ ನಡುವೆ ಒಂದು ಕಡೆ ಕೊಡದ ಬದಲು ಬರಿಯ ಕಲ್ಲಿತ್ತು. ಪಾಳಿ ಹಿಡಿಯಲು ಕಲ್ಲಿಡುತ್ತಿದ್ದುದು ನನಗೆ ತಿಳಿಯದ್ದೇನಲ್ಲ. ಎಷ್ಟೋ ದಿನ ಅಲ್ಲಿ ನಮ್ಮ ಮನೆಯ ಕಲ್ಲೂ ಇರುತ್ತಿತ್ತು. ಆದರೂ ‘ಹೇಳಿದ್ದನ್ನು ಬರೆದಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಗೀಚಿ, ಹತ್ತಕ್ಕೆ ಮೂರು ಅಂಕ ಕೊಟ್ಟೆ. ಮುಂದಿನ ವಾರ ಆಕೆ ಎರಡು ಬೆಟ್ಟ, ನಡುವೆ ಸೂರ್ಯನನ್ನು ಬರೆದು ತಂದಳು. ಎಂಟು ಕೊಟ್ಟೆ.